ಸ್ನಾರ್ಕ್ ಹಡಗಿನಲ್ಲಿ ವಿರಾಮವಾಗಿದ್ದವರು ಯಾರು?

ಜಾಕ್ ಲಂಡನ್ ಎಂದರೆ ನಮ್ಮಲ್ಲಿ ಹೆಚ್ಚಿನ ಓದುಗರಿಗೆ ನೆನಪಾಗುವುದು ಹಿಮ, ತೋಳ, ಜಾರುಬಂಡಿ ಎಳೆಯುವ ನಾಯಿ. ಇದೇ ಲೇಖಕ ತನ್ನ ಹೆಂಡತಿ ಚಾರ್ಮಿಯನ್ ಜೊತೆ ಒಂದು ಹಾಯಿಹಡಗು ಕಟ್ಟಿಸಿಕೊಂಡು 1907 ಮತ್ತು 1908ರಲ್ಲಿ ಪೆಸಿಫಿಕ್ ಸಾಗರದ ದ್ವೀಪದಿಂದ ದ್ವೀಪಕ್ಕೆ ಅಲೆದ ಸಂಗತಿ ಅಷ್ಟಾಗಿ ಗೊತ್ತಿಲ್ಲ. ಆ ಪ್ರಯಾಣದ ಬಗ್ಗೆ ಎರಡು ಪುಸ್ತಕಗಳಿವೆ. ಒಂದು 1911ರಲ್ಲಿ ಬಂದ ಗಂಡನ ಪುಸ್ತಕ. ಇನ್ನೊಂದು 1915ರಲ್ಲಿ ಬಂದ ಹೆಂಡತಿಯ ದಿನಚರಿ. ಪ್ರವಾಸ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಇವೆರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ಅಧ್ಯಾಯ ಬರೆದಿದ್ದೆ. ಪ್ರಸಿದ್ಧ ಗಂಡನ ನೆರಳಿನಲ್ಲಿ ಮರೆಯಾದ ಹೆಂಡತಿಯ ದನಿಯನ್ನು ಹುಡುಕಿ ತೆಗೆಯುವುದು ನನ್ನ ಉದ್ದೇಶ. ಓದಿ ನೋಡಿದ ನನ್ನ ಮಾರ್ಗದರ್ಶಕಿ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದಿದ್ದರು: 'ಇವರಿಬ್ಬರೂ ಬರೆಯುತ್ತಾ ಕೂತಿದ್ದಾಗ ಹಡಗು ನಡೆಸುತ್ತಿದ್ದವರು ಯಾರು?' ಆ ಅಧ್ಯಾಯವನ್ನು ನಾನು ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ಈ ಲೇಖನ ಹುಟ್ಟಿದ್ದು ಆ ತಿದ್ದುಪಡಿಯಿಂದ.

ಕಥೆ ಶುರುವಾಗುವುದು ಒಂದು ಪುಸ್ತಕದಿಂದ. ಜೋಶುವಾ ಸ್ಲೋಕಮ್ ಎಂಬ ನಾವಿಕ ಪುಟ್ಟ ದೋಣಿಯಲ್ಲಿ ಒಬ್ಬನೇ ಭೂಮಿಯನ್ನು ಸುತ್ತಿಬಂದು, 1900ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ್ದ. ಕ್ಯಾಲಿಫೋರ್ನಿಯಾದ ಗ್ಲೆನ್ ಎಲನ್ ಎಂಬ ಊರಿನಲ್ಲಿ ಈಜುಕೊಳದ ಪಕ್ಕ ಕೂತು ಲಂಡನ್ ಅದನ್ನು ಗೆಳೆಯರಿಗೆ ಓದಿ ಹೇಳುತ್ತಿದ್ದ. ಸ್ಲೋಕಮ್‌ನ ದೋಣಿಗಿಂತ ಸ್ವಲ್ಪ ದೊಡ್ಡ ಹಡಗಿನಲ್ಲಿ ನಾವೂ ಯಾಕೆ ಹೋಗಬಾರದು ಎಂಬ ಮಾತು ಅಲ್ಲಿ ಹುಟ್ಟಿತು. 1905ರ ನವೆಂಬರ್‌ನಲ್ಲಿ ಜಾಕ್ ಮತ್ತು ಚಾರ್ಮಿಯನ್ ಮದುವೆಯಾದರು. ಅವನಿಗೆ ಅದು ಎರಡನೆಯ ಮದುವೆ. ಅವಳು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಕುದುರೆ ಸವಾರಿ ಬಲ್ಲ, ಬೆರಳಚ್ಚಿನಲ್ಲಿ ಪಳಗಿದ, ಯಾವುದಕ್ಕೂ ಹಿಂಜರಿಯದ ಹೆಂಗಸು. ಇಬ್ಬರೂ ಪರಸ್ಪರ 'ಮೇಟ್' ಎಂದು ಕರೆದುಕೊಳ್ಳುತ್ತಿದ್ದರು. ಹಡಗಿನ ಭಾಷೆಯಲ್ಲಿ ಜೊತೆಗಾರ ಎಂದು ಅರ್ಥ. ಏಳು ವರ್ಷ ಪ್ರಪಂಚ ಸುತ್ತುವುದು, ಮನಸ್ಸು ಬಂದಲ್ಲಿ ಲಂಗರು ಹಾಕುವುದು, ಬೇಸರವಾದರೆ ಹೊರಡುವುದು. ಇದು ಅವರ ಯೋಜನೆ.

ಹಡಗಿಗೆ ಲೂಯಿಸ್ ಕ್ಯಾರಲ್‌ನ ಕವನದಿಂದ 'ಸ್ನಾರ್ಕ್' ಎಂಬ ಹೆಸರನ್ನು ಎತ್ತಿಕೊಂಡರು. ನೀರಿನ ಮಟ್ಟದಲ್ಲಿ 45 ಅಡಿ ಉದ್ದ, 15 ಅಡಿ ಅಗಲ, ಎರಡು ಕೂವೆಮರ, ಗಾಳಿ ಇಲ್ಲದಾಗ ನೆರವಿಗೆ 70 ಅಶ್ವಶಕ್ತಿಯ ಎಂಜಿನ್. ಅಂದಾಜು ವೆಚ್ಚ 7,000 ಡಾಲರ್. ಹಡಗಿನ ತಳಕ್ಕೆ ಕಬ್ಬಿಣ ಎರಕ ಹೊಯ್ಯುವ ಹೊತ್ತಿಗೇ, 1906ರ ಏಪ್ರಿಲ್ 18ರಂದು, ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ ಬಂತು. ಊರು ಸುಟ್ಟುಹೋಯಿತು. ಮರ, ಕಬ್ಬಿಣ, ಕೂಲಿ ಎಲ್ಲದರ ಬೆಲೆಯೂ ಏರಿತು. ಹಡಗು ಮುಗಿಯುವಷ್ಟರಲ್ಲಿ ಖರ್ಚು ಸುಮಾರು 30,000 ಡಾಲರ್ ತಲುಪಿತ್ತು. ಹೊರಡುವ ಮುನ್ನ ಒಂದು ಸಣ್ಣ ಸಾಲದ ವಿಷಯಕ್ಕೆ ಹಡಗನ್ನು ಜಪ್ತಿ ಮಾಡಿ ನಿಲ್ಲಿಸಿದ್ದೂ ಆಯಿತು.

1907ರ ಏಪ್ರಿಲ್ 23ರಂದು ಅಂತೂ ಹೊರಟರು. ಹೊರಟ ಕೆಲವೇ ದಿನಗಳಲ್ಲಿ ಹಡಗಿನ ಬಂಡವಾಳ ಬಯಲಾಯಿತು. ನೀರು ಒಳಬರದಂತೆ ಮಾಡಿಸಿದ್ದ ಕೋಣೆಗಳಲ್ಲೇ ನೀರು ಜಿನುಗಿತು. ಎಂಜಿನ್ ಕೆಲಸಕ್ಕೆ ಬರದೆ ಬರೀ ಭಾರವಾಗಿ ಬಿದ್ದಿತ್ತು. ಆಸೆಪಟ್ಟು ಮಾಡಿಸಿದ್ದ ಸ್ನಾನದ ಮನೆ ಕೈಕೊಟ್ಟಿತು. ಸೀಮೆಎಣ್ಣೆ ಚೆಲ್ಲಿ ತರಕಾರಿ ಹಾಳಾಯಿತು. ಅಡುಗೆಗೆಂದು ಬಂದಿದ್ದ ಮಾರ್ಟಿನ್ ಜಾನ್ಸನ್ ಎಂಬ ಕನ್ಸಾಸ್‌ನ ಯುವಕನಿಗೆ ಅಡುಗೆಯೂ ಬಾರದು, ಸಮುದ್ರವೂ ಗೊತ್ತಿಲ್ಲ. ವಾಂತಿ ಮಾಡುತ್ತಲೇ ಒಲೆಯ ಮುಂದೆ ನಿಲ್ಲುತ್ತಿದ್ದ. ದಾರಿ ತೋರಿಸಬೇಕಾಗಿದ್ದ ನಾಯಕ ರಾಸ್ಕೋ ಈಮ್ಸ್, ಚಾರ್ಮಿಯನ್‌ಳ ಬಂಧು. ಅವನಿಗೆ ಸಾಗರದ ನಡುವೆ ಹಡಗು ಎಲ್ಲಿದೆ ಎಂದು ಲೆಕ್ಕ ಹಾಕುವುದು ಬರುತ್ತಿರಲಿಲ್ಲ. ಲಂಡನ್ ತಾನೇ ಪುಸ್ತಕ ಬಿಚ್ಚಿಕೊಂಡು, ಸೂರ್ಯನ ಎತ್ತರ ಅಳೆದು, ಕೋಷ್ಟಕ ನೋಡಿ ನೌಕಾಯಾನದ ಗಣಿತ ಕಲಿತ. 27 ದಿನಗಳ ಬಳಿಕ ಹವಾಯಿ ಕಂಡಿತು.

ಈ ಭಾಗವನ್ನು ಲಂಡನ್ ಬಹಳ ತಮಾಷೆಯಾಗಿ ಬರೆದಿದ್ದಾನೆ. ತನ್ನನ್ನೇ ನಗೆಪಾಟಲು ಮಾಡಿಕೊಳ್ಳುವ ಅವನ ಗುಣ ಓದುಗರನ್ನು ಗೆದ್ದುಬಿಡುತ್ತದೆ. ನಾನೂ ಗೆಲ್ಲಿಸಿಕೊಂಡವಳೇ. ಆದರೆ ಪ್ರಯಾಣದ ಹಣಕಾಸನ್ನು ಗಮನಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹಡಗು ನೀರಿಗಿಳಿಯುವ ಮೊದಲೇ ಲಂಡನ್ ಆ ಪ್ರಯಾಣದ ಲೇಖನಗಳನ್ನು ಪತ್ರಿಕೆಗಳಿಗೆ ಮಾರಿದ್ದ. ಖರ್ಚು ಸರಿದೂಗಿಸಲು ದಿನಕ್ಕೆ 1,000 ಪದ ಬರೆಯಲೇಬೇಕು. ಸಮುದ್ರ ಶಾಂತವಿರಲಿ, ಕಡಲು ಉಕ್ಕಲಿ, ಜ್ವರ ಇರಲಿ, ಬೆಳಗ್ಗೆ ಪದಗಳ ಲೆಕ್ಕ ಮುಗಿಯಬೇಕು. ಚಾರ್ಮಿಯನ್ ಅದನ್ನು ಬೆರಳಚ್ಚು ಮಾಡುತ್ತಿದ್ದಳು. ಜೊತೆಗೆ ಚುಕ್ಕಾಣಿ ಹಿಡಿಯುವ ಸರದಿಯಲ್ಲೂ ನಿಲ್ಲುತ್ತಿದ್ದಳು. ಅವನ ಹೆಸರಾಂತ ಕಾದಂಬರಿ 'ಮಾರ್ಟಿನ್ ಈಡನ್' ಬಹುಪಾಲು ಹುಟ್ಟಿದ್ದು ಈ ಹಡಗಿನ ಮೇಲೆ. ಹೊರಗಿನವರಿಗೆ ವಿಹಾರದಂತೆ ಕಂಡ ಈ ಪ್ರಯಾಣದ ಬೆಳಗುಗಳೆಲ್ಲ ಹೀಗೆ ಮೇಜಿನ ಮುಂದೆ ಕಳೆದವು. ಚಾರ್ಮಿಯನ್‌ಳ ಈ ದುಡಿಮೆ ಗಂಡನ ಪುಸ್ತಕದಲ್ಲಿ ಹೆಚ್ಚು ಕಾಣುವುದಿಲ್ಲ. ನನ್ನ ಮೊದಲ ಅಧ್ಯಾಯ ಇಲ್ಲಿಗೆ ಬಂದು ಸಮಾಧಾನಪಟ್ಟುಕೊಂಡಿತ್ತು. ಕಾಣದ ದುಡಿಮೆ ಕಂಡಿತಲ್ಲ ಎಂದು.

ಆದರೆ ಹವಾಯಿಯಲ್ಲಿ ನನಗೆ ಇನ್ನೊಂದು ಹೆಸರು ಎದುರಾಯಿತು. ಸ್ನಾರ್ಕ್‌ನಲ್ಲಿ ಹವಾಯಿವರೆಗೆ ಬಂದ ಸಿಬ್ಬಂದಿಯಲ್ಲಿ ಹರ್ಬರ್ಟ್ ಸ್ಟೋಲ್ಜ್ ಎಂಬ ವಿದ್ಯಾರ್ಥಿ ಇದ್ದ. ಅವನ ತಂದೆ ಲೂಯಿಸ್ ಸ್ಟೋಲ್ಜ್ ಹವಾಯಿಯ ಕವಾಯಿ ದ್ವೀಪದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವನು. 1893ರಲ್ಲಿ ಅವನನ್ನು ಒಬ್ಬ ಕುಷ್ಠರೋಗಿ ಗುಂಡಿಟ್ಟು ಕೊಂದಿದ್ದ. ಆ ರೋಗಿಯ ಹೆಸರು ಕೊಒಲಾವು.

ಹಿನ್ನೆಲೆ ಸ್ವಲ್ಪ ಹೇಳಬೇಕು. ಹೊರಗಿನ ಹಡಗುಗಳು ಬಂದ ಮೇಲೆ ಹವಾಯಿಯಲ್ಲಿ ಕುಷ್ಠರೋಗ ಹರಡಿತು. 1865ರಲ್ಲಿ ರೋಗಿಗಳನ್ನು ಬೇರ್ಪಡಿಸುವ ಕಾನೂನು ಬಂತು. ಮರುವರ್ಷದಿಂದ ಅವರನ್ನು ಮೊಲೊಕಾಯಿ ದ್ವೀಪದ ಕಲಾವುಪಾಪಾ ಎಂಬ ಜಾಗಕ್ಕೆ ಸಾಗಿಸತೊಡಗಿದರು. ಮೂರು ಕಡೆ ಕಡಲು, ಒಂದು ಕಡೆ ಏರಲಾಗದ ಬಂಡೆಗೋಡೆ. ಅಲ್ಲಿಗೆ ಹೋದವರು ಮನೆಗೆ ಮರಳುತ್ತಿದ್ದುದು ಅಪರೂಪ. ರೋಗಿಗಳ ಸೇವೆಗೆ ನಿಂತು, ಅದೇ ರೋಗ ತಗುಲಿ 1889ರಲ್ಲಿ ತೀರಿಕೊಂಡ ಫಾದರ್ ಡೇಮಿಯನ್ ಇದ್ದದ್ದು ಇಲ್ಲೇ. 1893ರಲ್ಲಿ ಹವಾಯಿಯ ರಾಣಿಯನ್ನು ಕೆಳಗಿಳಿಸಿ ಬಿಳಿಯ ವ್ಯಾಪಾರಿಗಳ ಬೆಂಬಲದ ಸರ್ಕಾರ ಬಂತು. ಅದೇ ವರ್ಷ ಕೊಒಲಾವುನನ್ನು ಮೊಲೊಕಾಯಿಗೆ ಕಳಿಸಬೇಕೆಂದು ಆಜ್ಞೆಯಾಯಿತು. ಹೆಂಡತಿ ಜೊತೆಗೆ ಬರುವುದಾದರೆ ಬರುತ್ತೇನೆ ಎಂದು ಅವನು ಹೇಳಿದ. ಒಪ್ಪಿಗೆ ಸಿಗಲಿಲ್ಲ. ಅವನು, ಹೆಂಡತಿ ಪಿಯಿಲಾನಿ, ರೋಗ ತಗುಲಿದ್ದ ಪುಟ್ಟ ಮಗ ಮೂವರೂ ಕಲಲಾವು ಎಂಬ ಕಡಿದಾದ ಕಣಿವೆಗೆ ಇಳಿದರು. ಹಿಡಿಯಲು ಬಂದ ಸ್ಟೋಲ್ಜ್ ಸತ್ತ. ಆಮೇಲೆ ಸೈನಿಕರು ಫಿರಂಗಿ ತಂದರು. ಕೊಒಲಾವು ಸಿಗಲಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಸಂಸಾರ ಕಾಡಿನಲ್ಲಿ ಅಡಗಿ ಬದುಕಿತು. ಮೊದಲು ಮಗ ಸತ್ತ. ಬಳಿಕ ಗಂಡ. ಇಬ್ಬರನ್ನೂ ಪಿಯಿಲಾನಿಯೇ ಮಣ್ಣು ಮಾಡಿದಳು. ಗಂಡನ ಪಕ್ಕ ಅವನ ಬಂದೂಕನ್ನೂ ಇಟ್ಟು ಮುಚ್ಚಿದಳು. ಅವಳಿಗೆ ರೋಗ ತಗುಲಿರಲಿಲ್ಲ. ಒಬ್ಬಳೇ ಕಣಿವೆ ಹತ್ತಿ ಊರಿಗೆ ಮರಳಿದಳು.

ಇದನ್ನೆಲ್ಲ ಪಿಯಿಲಾನಿ ತನ್ನ ಭಾಷೆಯಲ್ಲಿ ಹೇಳಿದಳು. ಅದು 1906ರಲ್ಲಿ ಹೊನೊಲುಲುವಿನಲ್ಲಿ ಹವಾಯಿ ಭಾಷೆಯ ಪುಸ್ತಕವಾಗಿ ಅಚ್ಚಾಯಿತು. ಸ್ನಾರ್ಕ್ ಅಲ್ಲಿಗೆ ಬಂದದ್ದು 1907ರ ಮೇ ತಿಂಗಳಲ್ಲಿ. ಒಂದೇ ವರ್ಷದ ಅಂತರ.

ಲಂಡನ್ ದಂಪತಿ ಕಲಾವುಪಾಪಾಕ್ಕೆ ಹೋಗಿ ಕೆಲವು ದಿನ ಇದ್ದರು. ರೋಗಿಗಳ ಜೊತೆ ಬೆರೆತರು, ಅವರ ಹಬ್ಬ ನೋಡಿದರು, ಕುದುರೆ ಓಟ ನೋಡಿದರು. ಆ ಕಾಲದ ಪತ್ರಿಕೆಗಳು ಹಬ್ಬಿಸಿದ್ದ ಭಯವನ್ನು ಕಡಿಮೆ ಮಾಡುವಂಥ ಒಂದು ಒಳ್ಳೆಯ ಲೇಖನವನ್ನು ಲಂಡನ್ ಬರೆದ. ಅದಕ್ಕೆ ಅವನನ್ನು ಮೆಚ್ಚಬೇಕು. ಬಳಿಕ ಸ್ಟೋಲ್ಜ್‌ನ ಕಡೆಯಿಂದ ಕೇಳಿದ ಪ್ರಸಂಗವನ್ನು ಇಟ್ಟುಕೊಂಡು ಕೊಒಲಾವುನ ಬಗ್ಗೆ ಒಂದು ಕಥೆಯನ್ನೂ ಬರೆದ. ಕಥೆ ಬಲವಾಗಿದೆ. ಬಿಳಿಯರು ನೆಲ ಕಿತ್ತುಕೊಂಡ ಬಗೆಯನ್ನು ನಾಯಕ ಸಿಟ್ಟಿನಿಂದ ಹೇಳುತ್ತಾನೆ. ಹವಾಯಿಯ ಬಿಳಿಯ ಗಣ್ಯರಿಗೆ ಕಥೆ ಹಿಡಿಸಲಿಲ್ಲ. ಆದರೆ ಕಥೆಯ ಕೊಒಲಾವು ವಿಕಾರಗೊಂಡ ರೋಗಿಗಳ ಗುಂಪಿಗೆ ನಾಯಕ. ಕೊನೆಗೆ ಎಲ್ಲರೂ ಅವನನ್ನು ಬಿಟ್ಟುಹೋಗುತ್ತಾರೆ. ಬಂದೂಕು ಎದೆಗವಚಿಕೊಂಡು ಒಬ್ಬನೇ ಸಾಯುತ್ತಾನೆ. ಪಿಯಿಲಾನಿ ಆ ಕಥೆಯಲ್ಲಿ ಇಲ್ಲ. ಮಗನೂ ಇಲ್ಲ.

ಇಲ್ಲಿ ನನ್ನ ಅಧ್ಯಾಯ ಮುರಿದುಬಿತ್ತು. ಒಂದು ದಂಪತಿಯ ಪ್ರಯಾಣವನ್ನು ಓದುತ್ತಾ ನಾನು ಇನ್ನೊಂದು ದಂಪತಿಯನ್ನು ದಾಟಿ ಹೋಗಿದ್ದೆ. ಜೊತೆಯಾಗಿ ಇರಬೇಕು ಎಂಬ ಒಂದೇ ಕಾರಣಕ್ಕೆ ಇವರಿಬ್ಬರು ಹಡಗು ಹತ್ತಿದರು. ಜೊತೆಯಾಗಿ ಇರಬೇಕು ಎಂಬ ಅದೇ ಕಾರಣಕ್ಕೆ ಅವರಿಬ್ಬರು ಕಾಡು ಹೊಕ್ಕರು. ಲಂಡನ್ ಬೇಕೆಂದೇ ಪಿಯಿಲಾನಿಯನ್ನು ಅಳಿಸಿದ ಎಂದು ನಾನು ಹೇಳಲಾರೆ. ಅವನಿಗೆ ಹವಾಯಿ ಭಾಷೆ ಬರುತ್ತಿರಲಿಲ್ಲ. ಅವನು ಕೇಳಿದ ಕಥೆ ಸತ್ತ ಅಧಿಕಾರಿಯ ಮನೆಯಿಂದ ಬಂದದ್ದು. ಒಂಟಿ ಗಂಡಸಿನ ಹೋರಾಟ ಅವನ ಕಲೆಗೆ ಒಗ್ಗುವ ವಸ್ತು. ಇದಿಷ್ಟೂ ನಿಜವೇ. ಆದರೂ ಅವನ ಕಥೆ ಜಗತ್ತನ್ನು ಸುತ್ತಿತು. ಅವಳ ಪುಸ್ತಕದ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಸುಲಭವಾಗಿ ಸಿಗುವಂತಾದದ್ದು 2001ರಲ್ಲಿ.

ಹವಾಯಿಯಲ್ಲಿ ರಾಸ್ಕೋ, ಸ್ಟೋಲ್ಜ್, ಜಪಾನಿ ಸಹಾಯಕ ತೊಚಿಗಿ ಹಡಗು ಬಿಟ್ಟರು. ಹೊಸಬರು ಬಂದರು. ಅವರಲ್ಲಿ ಯೊಶಿಮತ್ಸು ನಕಾತಾ ಎಂಬ ಜಪಾನಿ ಹುಡುಗನೂ ಒಬ್ಬ. ಇಂಗ್ಲಿಷ್ ಅಷ್ಟಾಗಿ ಬರದ ಇವನು ಪ್ರಯಾಣದ ಕೊನೆಯವರೆಗೂ, ಅದಾದ ಮೇಲೂ ವರ್ಷಗಟ್ಟಲೆ ಆ ದಂಪತಿಯ ಮನೆಯಲ್ಲಿ ದುಡಿದ. ಮುಂದೆ ಹೊನೊಲುಲುವಿನಲ್ಲಿ ದಂತವೈದ್ಯನಾದ. ಅಕ್ಟೋಬರ್ 7ರಂದು ಹಿಲೊ ಬಿಟ್ಟ ಸ್ನಾರ್ಕ್ ಮಾರ್ಕೆಸಸ್ ದ್ವೀಪಗಳ ಕಡೆ ತಿರುಗಿತು. ವಾಣಿಜ್ಯ ಮಾರುತಗಳು ಎದುರಿಗೆ ಬೀಸುವ ಕಷ್ಟದ ದಾರಿ ಅದು. ನಡುವೆ ಗಾಳಿಯೇ ಇಲ್ಲದ ಪಟ್ಟಿ. ಒಂದು ರಾತ್ರಿ ಯಾರೋ ನಲ್ಲಿ ತೆರೆದಿಟ್ಟು ಕುಡಿಯುವ ನೀರಿನಲ್ಲಿ ಅರ್ಧ ಹರಿದುಹೋಯಿತು. ಉಳಿದದ್ದಕ್ಕೆ ಬೀಗ ಹಾಕಿ, ತಲೆಗೆ ದಿನಕ್ಕೆ ಒಂದು ಲೀಟರಿನಷ್ಟು ಅಳೆದು ಕೊಟ್ಟರು. ಕೊನೆಗೆ ಮಳೆ ಬಂದು ಉಳಿಸಿತು. 60 ದಿನ ಒಂದೇ ಒಂದು ಹಡಗು ಕಣ್ಣಿಗೆ ಬೀಳಲಿಲ್ಲ. ಅಮೆರಿಕದ ಪತ್ರಿಕೆಗಳಲ್ಲಿ ಇವರು ಮುಳುಗಿದರೆಂಬ ಸುದ್ದಿ ಹಬ್ಬಿತು.

ಡಿಸೆಂಬರ್ 6ರಂದು ನುಕು ಹಿವಾ ದ್ವೀಪ ತಲುಪಿದಾಗ ಲಂಡನ್‌ಗೆ ಬೇಕಾಗಿದ್ದದ್ದು ತೈಪಿ ಕಣಿವೆ. ಹರ್ಮನ್ ಮೆಲ್ವಿಲ್ 1842ರಲ್ಲಿ ತಿಮಿಂಗಿಲ ಬೇಟೆಯ ಹಡಗಿನಿಂದ ತಪ್ಪಿಸಿಕೊಂಡು ಅಲ್ಲಿ ಇದ್ದು, 1846ರಲ್ಲಿ ಅದರ ಬಗ್ಗೆ ಪುಸ್ತಕ ಬರೆದಿದ್ದ. ಬಾಲ್ಯದಲ್ಲಿ ಅದನ್ನು ಓದಿದ್ದ ಲಂಡನ್ ಆ ಕಣಿವೆಯ ಕನಸು ಕಾಣುತ್ತಾ ಬೆಳೆದವನು. ಕಂಡದ್ದು ಪಾಳುಬಿದ್ದ ಕಲ್ಲಿನ ಕಟ್ಟೆಗಳು, ಕಾಡು ಕವಿದ ತೋಟಗಳು, ಕ್ಷಯ, ಕುಷ್ಠ, ಆನೆಕಾಲು ರೋಗದಿಂದ ನರಳುವ ಕೆಲವೇ ಜನ. 1920ರ ದಶಕದ ಹೊತ್ತಿಗೆ ಇಡೀ ಮಾರ್ಕೆಸಸ್ ದ್ವೀಪಗಳ ಜನಸಂಖ್ಯೆ ಎರಡು ಸಾವಿರದ ಆಸುಪಾಸಿಗೆ ಕುಸಿಯಿತು. ಲಂಡನ್‌ಗೆ ನೋವಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಾರಣ ಹುಡುಕುವಾಗ ಅವನು ಡಾರ್ವಿನ್‌ನ ಕಡೆ ತಿರುಗಿದ. ಬಿಳಿಯರು ತಲೆಮಾರುಗಳಿಂದ ರೋಗಾಣುಗಳ ನಡುವೆ ಬದುಕಿ ಉಳಿದವರ ಸಂತತಿ, ಆದ್ದರಿಂದ ಗಟ್ಟಿ. ದ್ವೀಪದವರಿಗೆ ಆ ಪರೀಕ್ಷೆ ಆಗಿರಲಿಲ್ಲ, ಆದ್ದರಿಂದ ಅಳಿದರು ಎಂದು ವಾದ ಹೂಡಿದ. ಹೊಸ ರೋಗಕ್ಕೆ ಒಡ್ಡಿಕೊಳ್ಳದ ಸಮುದಾಯ ಬೇಗ ಬಲಿಯಾಗುತ್ತದೆ ಎಂಬಷ್ಟು ಮಾತು ಸರಿಯೇ. ಅದರಿಂದ ಜನಾಂಗದ ಮೇಲು ಕೀಳನ್ನು ಎಳೆದು ತೆಗೆದದ್ದು ತಪ್ಪು. ಆ ರೋಗ ಅಲ್ಲಿಗೆ ಬಂದದ್ದು ಹಡಗಿನಲ್ಲಿ. ತಾನು ನಿಂತಿರುವುದೂ ಅಂಥದೇ ಒಂದು ಹಡಗಿನ ಮೇಲೆ ಎಂಬುದು ಅವನ ವಾದದೊಳಗೆ ಬರುವುದಿಲ್ಲ.

ತಾಹಿತಿಗೆ ಹೋದಾಗ ಹಣಕಾಸು ಕೆಟ್ಟಿತ್ತು. ಹಡಗನ್ನು ಅಲ್ಲೇ ಬಿಟ್ಟು ಇಬ್ಬರೂ ಉಗಿಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ವ್ಯವಹಾರ ನೇರ ಮಾಡಿಕೊಂಡು ಬಂದರು. 1908ರ ಏಪ್ರಿಲ್‌ನಲ್ಲಿ ಮತ್ತೆ ಹೊರಟ ಮೇಲೆ ಇಡೀ ಪ್ರಯಾಣದ ಅತ್ಯಂತ ಸುಖದ ದಿನಗಳು ಬಂದವು. ರಾಯಿಯಾತೆಯಾ ದ್ವೀಪದ ಬಳಿ ಲಂಗರು ಹಾಕಿದ್ದಾಗ ಪಕ್ಕಪಟ್ಟಿ ಕಟ್ಟಿದ, ದೊಡ್ಡ ಹಾಯಿ ಬಿಟ್ಟ ಪುಟ್ಟ ದೋಣಿಯೊಂದು ಹಕ್ಕಿಯ ಹಾಗೆ ಬಂತು. ಅದರಲ್ಲಿದ್ದವನು ತೆಹೆಯಿ. ಎದುರಿನ ತಾಹಾ ದ್ವೀಪದವನು. ಅವನು ಇವರನ್ನು ಮನೆಗೆ ಕರೆದೊಯ್ದ. ಅವನ ಹೆಂಡತಿ ಬಿಹೌರಾ ಮೀನು, ಕೋಳಿ, ದೀವಿಹಲಸು, ತೆಂಗಿನಹಾಲು ಎಲ್ಲ ಇಟ್ಟು ಬಡಿಸಿದಳು. ದೀವಿಹಲಸು ಎಂದರೆ ನಮ್ಮ ಕರಾವಳಿಯವರು ಪಲ್ಯ, ಪೋಡಿ ಮಾಡುವ ಜೀಗುಜ್ಜೆ. ಅದರ ತವರು ಈ ಕಡಲೇ. ಆ ದಂಪತಿ ತಮ್ಮ ಹಾಸಿಗೆಯನ್ನೇ ಅತಿಥಿಗಳಿಗೆ ಬಿಟ್ಟುಕೊಟ್ಟರು. ಹೊರಡುವಾಗ ಹಡಗಿನ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಬಾಳೆಗೊನೆ, ಹಣ್ಣು, ಕೋಳಿ ತಂದು ಸುರಿದರು. ಇಂಥ ಆತಿಥ್ಯವನ್ನು ತಾನೆಲ್ಲೂ ಕಂಡಿಲ್ಲ ಎಂದು ಲಂಡನ್ ಮನಸಾರೆ ಬರೆದಿದ್ದಾನೆ.

ಆಮೇಲೆ ತೆಹೆಯಿ ತಾನೂ ಬರುತ್ತೇನೆಂದು ಹಡಗು ಹತ್ತಿದ. ಬಿಹೌರಾ ಉಳಿದಳು. ಇಲ್ಲಿಯೂ ಒಂದು ದಂಪತಿ ಇತ್ತು. ಇವರಿಬ್ಬರ ಪ್ರವಾಸಕ್ಕೆ ಅವರಿಬ್ಬರು ಬೇರೆಯಾದರು. ಸ್ನಾರ್ಕ್‌ನ ನಾವಿಕರ ಪೈಕಿ ಹಾಯಿಯ ಮರ್ಮ ನಿಜವಾಗಿ ಬಲ್ಲವರು ತೆಹೆಯಿ ಮತ್ತು ರಾಪಾ ದ್ವೀಪದ ಹೆನ್ರಿಯಂಥವರು. ಇವರ ಪೂರ್ವಿಕರು ದಿಕ್ಸೂಚಿ ಇಲ್ಲದೆ, ನಕ್ಷತ್ರ, ಅಲೆ, ಹಕ್ಕಿಗಳನ್ನು ನೋಡಿಕೊಂಡು ಈ ಸಾಗರದ ದ್ವೀಪಗಳಲ್ಲೆಲ್ಲ ನೆಲೆಸಿದವರು. ಮಾರ್ಗದರ್ಶಕಿಯ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಪುಸ್ತಕದಲ್ಲಿ ಅವರ ಹೆಸರಿದೆ, ಮಾತಿಲ್ಲ.

ಸಮೋವಾದಲ್ಲಿ ಲಂಡನ್ ದಂಪತಿ ಬೆಟ್ಟ ಹತ್ತಿ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ಸಮಾಧಿ ನೋಡಿದರು. ಅವನೂ ಹೆಂಡತಿ ಫ್ಯಾನಿ ಜೊತೆ 1888ರಲ್ಲಿ 'ಕ್ಯಾಸ್ಕೊ' ಎಂಬ ಹಾಯಿಹಡಗಿನಲ್ಲಿ ಈ ಕಡಲಿಗೆ ಬಂದು, 1894ರಲ್ಲಿ ಇಲ್ಲೇ ತೀರಿಕೊಂಡವನು. ಮೆಲ್ವಿಲ್, ಸ್ಟೀವನ್‌ಸನ್, ಸ್ಲೋಕಮ್: ಒಬ್ಬರ ಪುಸ್ತಕ ಇನ್ನೊಬ್ಬರನ್ನು ಹಡಗು ಹತ್ತಿಸುತ್ತಿತ್ತು. ಅಲ್ಲಿಂದ ಫಿಜಿ. 1879ರಿಂದ ಬ್ರಿಟಿಷರು ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ಅಲ್ಲಿಗೆ ಸಾಗಿಸುತ್ತಿದ್ದರು. 1916ರವರೆಗೆ ಹೀಗೆ ಹೋದವರು 60,000ಕ್ಕೂ ಹೆಚ್ಚು. 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಆಗ ಸೇರಿದ್ದದ್ದು ಮದ್ರಾಸ್ ಪ್ರಾಂತಕ್ಕೇ. 1908ರ ನಡುವಿನಲ್ಲಿ ಸ್ನಾರ್ಕ್ ಸುವಾ ಬಂದರಿನಲ್ಲಿ ನಿಂತಾಗ ಆ ದ್ವೀಪದ ತೋಟಗಳಲ್ಲಿ ನಮ್ಮ ದೇಶದ ಜನ ಐದು ವರ್ಷದ ಕರಾರಿನ ದಿನ ಎಣಿಸುತ್ತಿದ್ದರು. ಒಂದೇ ಕಡಲಿನ ಮೇಲೆ ಎರಡು ಬಗೆಯ ಹಡಗುಗಳಿದ್ದವು.

ಜೂನ್ ಕೊನೆಗೆ ಸಾಲೊಮನ್ ದ್ವೀಪಗಳು. ಇಲ್ಲಿ ಎರಡು ಬಗೆಯ ಹಡಗುಗಳ ನಡುವಿನ ಗೆರೆ ಅಳಿಸಿತು. ಈ ದ್ವೀಪಗಳಿಂದ, ಸುತ್ತಲಿನ ದ್ವೀಪಗಳಿಂದ 1863ರಿಂದ 1904ರವರೆಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ಗದ್ದೆಗಳಿಗೆ 60,000ಕ್ಕೂ ಹೆಚ್ಚು ಜನರನ್ನು ಒಯ್ಯಲಾಗಿತ್ತು. ಕೆಲವರನ್ನು ಆಸೆ ತೋರಿಸಿ, ಕೆಲವರನ್ನು ಮೋಸದಿಂದ, ಕೆಲವರನ್ನು ಬಲವಂತದಿಂದ. ಲಂಡನ್ ದಂಪತಿ ಬಂದಾಗ ಅಲ್ಲಿನ ತೆಂಗಿನ ತೋಟಗಳಿಗೇ ಆಳು ಕೂಡಿಸುವ ಕೆಲಸ ನಡೆದಿತ್ತು. ಅಂಥ ಕೆಲಸದ 'ಮಿನೋಟಾ' ಎಂಬ ಹಡಗಿನಲ್ಲಿ ಇಬ್ಬರೂ ಅತಿಥಿಗಳಾಗಿ ಮಲೈಟಾ ದ್ವೀಪಕ್ಕೆ ಹೋದರು. ಹಡಗಿನ ಕಟಾಂಜನದ ಮೇಲೆ ಮುಳ್ಳುತಂತಿ ಬಿಗಿದಿತ್ತು. ಅದರ ಹಿಂದಿನ ನಾಯಕನನ್ನು ದ್ವೀಪದವರು ಕೊಡಲಿಯಿಂದ ಕೊಂದಿದ್ದರು. ಮಿನೋಟಾ ಹವಳದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ಸುತ್ತ ದೋಣಿಗಳು ನೆರೆದವು. ಪಾದ್ರಿಯೊಬ್ಬ, ಇನ್ನೊಂದು ಹಡಗಿನ ನಾಯಕ ನೆರವಿಗೆ ಬಂದದ್ದರಿಂದ ಎಲ್ಲರೂ ಬಚಾವಾದರು.

ನನ್ನ ಮಟ್ಟಿಗೆ ಇಲ್ಲಿ ಕಷ್ಟವಾದದ್ದು ಚಾರ್ಮಿಯನ್‌ಳನ್ನು ಓದುವುದು. ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿದ, ಗಂಡಸರ ನಡುವೆ ಎದೆಗುಂದದೆ ನಿಂತ ಇದೇ ಹೆಂಗಸು, ದ್ವೀಪದವರ ಬಗ್ಗೆ ಬರೆಯುವಾಗ ಗಂಡನಿಗಿಂತ ಬೇರೆಯಾಗಿ ಕಾಣುವುದಿಲ್ಲ. ಅದೇ ಭಯ, ಅದೇ ತಾತ್ಸಾರ, ಕಾಡುಜನ ಎಂಬ ಅದೇ ಮಾತು. ಮರೆತ ಹೆಣ್ಣಿನ ದನಿಯನ್ನು ಹೊರತೆಗೆದರೆ ಅದು ನ್ಯಾಯದ ದನಿಯೇ ಆಗಿರುತ್ತದೆ ಎಂದು ನಾನು ನಂಬಿದ್ದೆ. ಹಾಗೇನೂ ಇಲ್ಲ. ಅವಳ ದುಡಿಮೆಯನ್ನು ಗಂಡನ ಪುಸ್ತಕ ಮರೆಸಿತು, ನಿಜ. ಇತರರ ದುಡಿಮೆಯನ್ನು ಅವಳ ಪುಸ್ತಕವೂ ಮರೆಸಿತು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ನನ್ನ ಅಧ್ಯಾಯ ಅರ್ಧ ಸತ್ಯವಾಗುತ್ತಿತ್ತು.

ಸಾಲೊಮನ್‌ನಲ್ಲಿ ಎಲ್ಲರ ಮೈ ಸೋತಿತು. ಮಲೇರಿಯ ಯಾರನ್ನೂ ಬಿಡಲಿಲ್ಲ. ಸಣ್ಣ ಗೀರು ಬಿದ್ದರೂ ಹುಣ್ಣಾಗಿ ಕೊಳೆಯುತ್ತಿತ್ತು. ತೆಹೆಯಿ ಜ್ವರದಿಂದ ಮಲಗಿದ. ಅಡುಗೆಯ ವಾಡಾ ಹೆದರಿ ಹಡಗು ಬಿಟ್ಟ. ಲಂಡನ್‌ಗೆ ಕರುಳಿನ ಬಳಿ ಭಗಂದರ ಹುಣ್ಣು, ಅದರ ಮೇಲೆ ಕೈಗಳ ಚರ್ಮ ಪದರ ಪದರವಾಗಿ ಸುಲಿಯುವ ಕಾಯಿಲೆ. ಕೈ ಊದಿ ಹಗ್ಗ ಹಿಡಿಯಲೂ ಆಗಲಿಲ್ಲ. 1908ರ ನವೆಂಬರ್‌ನಲ್ಲಿ ಉಗಿಹಡಗಿನಲ್ಲಿ ಸಿಡ್ನಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಐದು ವಾರ ಆಸ್ಪತ್ರೆಯಲ್ಲಿ ಮಲಗಿದ. ಏಳು ವರ್ಷದ ಪ್ರಯಾಣ ಎರಡು ವರ್ಷ ತುಂಬುವ ಮೊದಲೇ ಮುಗಿಯಿತು. ಚಾರ್ಮಿಯನ್ ಅತ್ತಳು.

ತೈಪಿ ಕಣಿವೆಯಲ್ಲಿ ಬಿಳಿಯರ ಮೈ ಗಟ್ಟಿ ಎಂದು ವಾದಿಸಿದ್ದವನಿಗೆ ಈಗ ಬೇರೆ ಸಿದ್ಧಾಂತ ಬೇಕಾಯಿತು. ಚಾರ್ಲ್ಸ್ ವುಡ್ರಫ್ ಎಂಬ ಅಮೆರಿಕದ ಸೇನಾ ವೈದ್ಯ, ಉಷ್ಣವಲಯದ ಬೆಳಕು ಬಿಳಿಯರ ಮೈಗೆ ಒಗ್ಗದು ಎಂದು ಒಂದು ಪುಸ್ತಕ ಬರೆದಿದ್ದ. ಲಂಡನ್ ಅದರಲ್ಲಿ ತನ್ನ ಕಾಯಿಲೆಗೆ ಉತ್ತರ ಕಂಡುಕೊಂಡ. ಗಮನಿಸಬೇಕಾದದ್ದು ಇಷ್ಟೇ. ದ್ವೀಪದವರು ಸತ್ತಾಗ ಅವರ ಜನಾಂಗ ದುರ್ಬಲ ಎಂಬುದು ಕಾರಣ. ತಾನು ಬಿದ್ದಾಗ ಸೂರ್ಯ ಕಾರಣ. ಎರಡು ಸಲವೂ ಲೆಕ್ಕ ಜನಾಂಗದ್ದೇ, ಉತ್ತರ ಮಾತ್ರ ಬೇರೆ. ಅದೇ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಕಪ್ಪು ಮುಷ್ಟಿಯುದ್ಧಪಟು ಜಾಕ್ ಜಾನ್ಸನ್, ಬಿಳಿಯ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಹೆವಿವೇಟ್ ಜಗಜ್ಜೇತನಾದ. ಹೀಗೆ ಗೆದ್ದ ಮೊದಲ ಕಪ್ಪು ಮನುಷ್ಯ ಅವನು. ವರದಿ ಬರೆದವನು ಲಂಡನ್. ಜಾನ್ಸನ್‌ನ ಕೌಶಲವನ್ನು ಮನಸಾರೆ ಹೊಗಳಿದ. ಕೊನೆಯಲ್ಲಿ, ನಿವೃತ್ತನಾಗಿದ್ದ ಬಿಳಿಯ ಪಟು ಜಿಮ್ ಜೆಫ್ರೀಸ್ ಎದ್ದುಬಂದು ಇವನ ನಗುವನ್ನು ಅಳಿಸಬೇಕೆಂದು ಕರೆಕೊಟ್ಟ. ತನ್ನನ್ನು ಸಮಾಜವಾದಿ ಎಂದು ಕರೆದುಕೊಳ್ಳುತ್ತಿದ್ದ, ದುಡಿಯುವವರ ಪರವಾಗಿ ನಿಜವಾಗಿ ಬರೆದ ಲೇಖಕನೇ ಇವನೂ.

ಸ್ನಾರ್ಕ್ ಕಟ್ಟಿದ ಬೆಲೆಯ ಒಂದು ಚೂರಿಗೆ ಸಿಡ್ನಿಯಲ್ಲಿ ಮಾರಿಹೋಯಿತು. ವಿಹಾರದ ಹಡಗು ಅದೇ ಕಡಲಿನಲ್ಲಿ ಕೆಲಸದ ಹಡಗಾಯಿತು. ಲಂಡನ್ ದಂಪತಿ 1909ರ ಜುಲೈನಲ್ಲಿ ಮನೆ ಸೇರಿದರು. 1916ರಲ್ಲಿ, 40ನೆಯ ವಯಸ್ಸಿನಲ್ಲಿ ಲಂಡನ್ ತೀರಿಕೊಂಡ. ಚಾರ್ಮಿಯನ್ 1955ರವರೆಗೆ ಬದುಕಿದ್ದಳು. ಅಡುಗೆ ಬಾರದ ಮಾರ್ಟಿನ್ ಜಾನ್ಸನ್ ಮುಂದೆ ಓಸಾ ಎಂಬವಳನ್ನು ಮದುವೆಯಾಗಿ, 1917ರಲ್ಲಿ ಅವಳೊಡನೆ ಅದೇ ದ್ವೀಪಗಳಿಗೆ ಸಿನಿಮಾ ಕ್ಯಾಮೆರಾ ಹೊತ್ತು ಮರಳಿದ. ಕನಸು ಇನ್ನೊಂದು ದಂಪತಿಗೆ ದಾಟಿತ್ತು. ಈ ಸಲ ಪುಸ್ತಕದ ಜೊತೆ ಚಲನಚಿತ್ರವೂ ಇತ್ತು.

ಈಗಲೂ ಗಂಡಹೆಂಡತಿ ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಕಥೆಗಳನ್ನು ನಾನು ಆಸೆಯಿಂದಲೇ ಓದುತ್ತೇನೆ. ಆ ಆಸೆ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಅಧ್ಯಾಯ ತಿದ್ದುವಾಗ ಒಂದು ಸಣ್ಣ ಸಂಗತಿ ಹೊಳೆಯಿತು. ಸುಖಕ್ಕಾಗಿ ಕಡಲಿಗೆ ಹೋಗುವ ಹಡಗಿಗೆ ಕನ್ನಡದಲ್ಲಿ ಬಳಕೆಯ ಹೆಸರೇ ಇಲ್ಲ; 'ಯಾಟ್' ಎಂದೇ ಬರೆಯಬೇಕು. ನಮ್ಮ ಕರಾವಳಿಯ ಮಾತುಗಳು ಮಚ್ವೆ, ಪತ್ತೇಮಾರಿ, ಪಾತಿದೋಣಿ, ತಾಂಡೇಲ. ಎಲ್ಲವೂ ಹೆಂಚು, ಮೀನು, ಅಕ್ಕಿ ಸಾಗಿಸಿ ಬದುಕಿದವರ ಮಾತುಗಳು. ಹಡಗು ಎಂದ ಕೂಡಲೇ ದುಡಿಯುವವರು ಕಣ್ಣಿಗೆ ಬರುವ ಭಾಷೆಯಿಂದ ಬಂದ ನಾನು, ಇಂಗ್ಲಿಷಿನ ಎರಡು ಪುಸ್ತಕ ಓದುವಷ್ಟರಲ್ಲಿ ಅವರನ್ನು ಮರೆತಿದ್ದೆ.

ಹೊಸ ಅಧ್ಯಾಯ ಈಗ ಪಿಯಿಲಾನಿಯಿಂದ ಶುರುವಾಗುತ್ತದೆ. ಬಿಹೌರಾಳ ಬಗ್ಗೆ ಅದರಲ್ಲಿ ಎರಡು ಪುಟ ಇದೆ. ಚಾರ್ಮಿಯನ್‌ಳೂ ಇದ್ದಾಳೆ, ಬೆರಳಚ್ಚು ಯಂತ್ರದ ಮುಂದೆ, ಚುಕ್ಕಾಣಿಯ ಹಿಂದೆ, ಮಿನೋಟಾದ ಮುಳ್ಳುತಂತಿಯ ಒಳಗೆ.